ನಡುವೆ ಇಟ್ಟ ಪೀಚ್ ಡಬ್ಬಿ

ಪೀಚ್ ಹಣ್ಣಿನ ಡಬ್ಬಿ ತೆರೆದಾಗ ಬರುವ, ತಗಡು ಬೆರೆತ ಸಿಹಿ ವಾಸನೆ ಈಗಲೂ ನನ್ನನ್ನು ಕೊಲ್ಲಿ ನಾಡಿನ ಅಲ್ ವಕ್ರಾದ ನಮ್ಮ ಮನೆಯ ಆ ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ.

ಅದು ನನ್ನ ಮೊದಲ ಉಪವಾಸ. ಪರದೆಯ ಹಿಂದೆ ಬಿಸಿಲು ನಿಂತಲ್ಲೇ ನಿಂತಿತ್ತು. ಹಸಿವು ತಾಳದೆ ಅಡುಗೆಮನೆಯ ಡಬ್ಬಿಯೊಂದನ್ನು ಎದೆಗವಚಿಕೊಂಡು, ಊರಿಂದ ಬಂದಿದ್ದ ಅಜ್ಜನ ಬಳಿ ಹೋದೆ.

"ತಿನ್ನಲಾ ಅಜ್ಜ?"

ಅಜ್ಜ ಗದರಲಿಲ್ಲ. ಡಬ್ಬಿಯ ಮೇಲಿನ ಹಣ್ಣಿನ ಚಿತ್ರವನ್ನು ಹೆಬ್ಬೆರಳಿನಿಂದ ಸವರಿದರು.

"ಮಹಾಯುದ್ಧ ಮುಗೀತಾ ಬಂದಿತ್ತು ಮಗಾ. ಬರ್ಮಾದಲ್ಲಿ ನಾನು ಮಿಲಿಟರಿ ಲಾರಿ ಬಿಡ್ತಿದ್ದೆ. ಆಗಲೂ ರಂಝಾನ್. ಒಂದು ದಿನ ಮಳೆಗೆ ರಸ್ತೆ ಕುಸಿದು, ನಾನೂ ಒಬ್ಬ ಅಮೆರಿಕದ ಸೈನಿಕನೂ ಕಾಡಲ್ಲಿ ಸಿಕ್ಕಿಬಿದ್ದೆವು. ಅವನ ಹತ್ರ ಇಂಥದ್ದೇ ಒಂದು ಡಬ್ಬಿ ಇತ್ತು. ನನಗೆ ಕೊಡ್ಲಿಕ್ಕೆ ಬಂದ. ಸೂರ್ಯನನ್ನು ತೋರಿಸಿ, ಅದು ಮುಳುಗಲಿ ಅಂತ ಕೈಸನ್ನೆ ಮಾಡಿದೆ."

"ಅವ ತಿಂದನಾ?"

"ಇಲ್ಲ. ಡಬ್ಬಿಯನ್ನು ಇಬ್ಬರ ನಡುವೆ ಇಟ್ಟು ಕೂತ. ಕತ್ತಲಾದ ಮೇಲೆ ಒಟ್ಟಿಗೆ ತಿಂದೆವು."

"ಅವನಿಗೆ ಉಪವಾಸ ಇರಲಿಲ್ಲ ಅಲ್ವಾ? ಮತ್ತೆ ಯಾಕೆ ಕಾದ?"

ಅಜ್ಜ ಡಬ್ಬಿಯನ್ನು ನಮ್ಮಿಬ್ಬರ ನಡುವೆ ಚಾಪೆಯ ಮೇಲಿಟ್ಟರು. ಅದರ ನೆರಳು ಮೆಲ್ಲನೆ ಬೆಳೆದು ನನ್ನ ಮೊಣಕಾಲು ಮುಟ್ಟಿತು. ಅರೆನಿದ್ದೆಯಲ್ಲಿ ನಾನೂ ಆ ಒದ್ದೆ ಕಾಡಿನ ದಾರಿಯಲ್ಲೇ ಕೂತಿದ್ದೆ.

ಹೊತ್ತು ಮುಳುಗಿ, ಉಪವಾಸ ಬಿಡಲು ಇಫ್ತಾರಿನ ತೋಪು ಹಾರಿತು. ಅಜ್ಜ ಡಬ್ಬಿ ತೆರೆದು ಮೊದಲ ತುಂಡನ್ನು ನನ್ನ ಬಾಯಿಗಿಟ್ಟರು. ಆಗಲೇ ಅಡುಗೆಮನೆಯಿಂದ ಅಜ್ಜನನ್ನು ಕರೆದ ನನ್ನ ಉಮ್ಮನ ಗಾಬರಿಯ ದನಿ ಕೇಳಿಸಿತು.

"ಬಾಪಾ, ನಿಮಗೆ ಉಪವಾಸ ಬೇಡ ಅಂತ ಡಾಕ್ಟ್ರು ಹೇಳಿದ್ದಲ್ವಾ? ಮಧ್ಯಾಹ್ನದ ಗಂಜಿ ಮುಚ್ಚಿಟ್ಟ ಹಾಗೇ ಉಂಟಲ್ಲ!"

ಅಜ್ಜ ಕಿವಿ ಕೇಳದವರ ಹಾಗೆ, ಡಬ್ಬಿಯಲ್ಲಿ ಉಳಿದ ರಸವನ್ನು ನನ್ನ ಲೋಟಕ್ಕೆ ಬಗ್ಗಿಸುತ್ತಿದ್ದರು.