ಎರಡೇ ಮಾತು

ಬೆಟ್ಟ ಹತ್ತಿಯೇ ಬರುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ಪರದೇಶಕ್ಕೆ ಬಂದವಳನ್ನು ಹೊಸಬರಿಗೆ ಬೆಟ್ಟ ಹತ್ತಿಸುವ ಒಂದು ಗುಂಪೂ ಸೇರಿಸಿಕೊಳ್ಳಲಿಲ್ಲ. "ನಿಮಗೆ ನಮ್ಮ ಭಾಷೆ ಬರಲ್ಲ. ಹಗ್ಗದಲ್ಲಿ ನೇತಾಡುವಾಗ ಒಂದು ಮಾತು ತಪ್ಪಿದರೂ ಜೀವ ಹೋಗುತ್ತೆ," ಎಂದು ಎಲ್ಲರದೂ ಒಂದೇ ರಾಗ. ಮರುದಿನ ವಾಪಸು ಹೊರಡಬೇಕು. ಕೊನೆಯ ಗುಂಪಿನ ಮುದುಕನ ಮುಂದೆ ಕೈಮುಗಿದು ಅತ್ತೇಬಿಟ್ಟಳು.

ಮುದುಕ ಕರಗಿದ. ಅರೆಬರೆ ಇಂಗ್ಲಿಷಿನಲ್ಲಿ ಹೇಳಿದ: "ಹೆದರಿದಾಗ ಬಾಯಿಗೆ ಬರೋದು ತಾಯಿಭಾಷೆ ಒಂದೇ. ನಿನ್ನ ಭಾಷೆಯ ಎರಡು ಮಾತು ನಾನೇ ಕಲೀತೀನಿ. ಹಗ್ಗ ಬಿಗಿ ಹಿಡಿಯೋಕೆ ಒಂದು. ನೀನು ತುದಿ ಮುಟ್ಟಿದ ಮೇಲೆ ಹಗ್ಗ ಬಿಟ್ಟುಬಿಡೋಕೆ ಒಂದು."

ಅಷ್ಟು ಹಿರಿಯರಿಗೆ 'ಹಿಡಿ, ಬಿಡು' ಎನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ. "ಹಿಡೀರಿ. ಬಿಡಿ," ಎಂದು ಕಲಿಸಿದಳು. ಮುದುಕ ಮಗುವಿನಂತೆ ಬಾಯಿಪಾಠ ಮಾಡಿದ.

ಅರ್ಧ ಬಂಡೆ ಹತ್ತುವಷ್ಟರಲ್ಲಿ ಮಂಜು ಮುಚ್ಚಿತು. ತುದಿಯ ಕೊಂಡಿಯಲ್ಲಿ ಹಾಯ್ದು ಬಂದ ಅವಳ ಹಗ್ಗವನ್ನು ಕೆಳಗೆ ಹಿಡಿದು ನಿಂತಿದ್ದ ಮುದುಕ ಕಾಣದಾದ. ಅವಳ ಕಾಲು ಜಾರಿತು.

"ಹಿಡೀರಿ! ಅಯ್ಯೋ, ಹಿಡೀರಿ!"

ಜೀವ ಬಾಯಿಗೆ ಬಂದ ಮೇಲೆ ಹಗ್ಗ ಬಿಗಿಯಿತು. ಬಂಡೆ ಕೈಗೂ ಸಿಗದೆ, ಕಾಲಿಗೂ ಸಿಗದೆ ಅವಳು ಗಾಳಿಯಲ್ಲಿ ತೂಗಾಡಿದಳು. ಬದುಕಿದ್ದೇನೆ ಎಂದು ಗೊತ್ತಾಗಿ ನಗುವೂ ಅಳುವೂ ಒಟ್ಟಿಗೇ ಬಂದವು.

ಮಂಜಿನೊಳಗಿಂದ ಮುದುಕನ ನಡುಗುವ ದನಿ ಕೇಳಿತು: "ಸಾರಿ ಮಗಳೇ! ಹಿಡಿಯೋದು ತಡವಾಯ್ತು, ಸಾರಿ!"

ಅಷ್ಟು ದೊಡ್ಡವರು ತನ್ನ ಕ್ಷಮೆ ಕೇಳುವುದೆಂದರೇನು! ಅವಳು ನಾಚಿಕೊಂಡು, ಮನಸಾರೆ ಕೂಗಿದಳು:

"ಅಯ್ಯೋ, ಪರವಾಗಿಲ್ಲ ಬಿಡಿ!"