ಹನ್ನೊಂದು ಕೆಂಪು ತಾರೆಗಳು

“ರೀ, ನಿಮ್ಮ ನಕ್ಷತ್ರಗಳೇನು ಮದುವೆಗೆ ಹೊರಟಿದ್ದಾವಾ? ಹನ್ನೊಂದಕ್ಕೂ ಒಟ್ಟಿಗೇ ಕಳೆ ಏರಿದೆಯಲ್ಲ!”

ಹೆಂಡತಿ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಲೋಕಲ್ ರೈಲಿನ ಚಾಲಕನಾದ ಗಂಡ ಮಧ್ಯಾಹ್ನದ ಡ್ಯೂಟಿಗೆ ಶೂ ಹಾಕಿಕೊಳ್ಳುತ್ತಿದ್ದ. ಬಿಡುವು ಸಿಕ್ಕಾಗಲೆಲ್ಲ ತಾರಸಿಯ ಮೇಲೆ ದೂರದರ್ಶಕ ಇಟ್ಟುಕೊಂಡು, ಬೆಳಕು ಏರಿಳಿಯುವ ಮಂಕು ಕೆಂಪು ತಾರೆಗಳನ್ನು ನೋಡುವುದು ಅವನ ಇಪ್ಪತ್ತು ವರ್ಷದ ಹುಚ್ಚು. ಪಕ್ಕದಲ್ಲಿರುವ, ಬೆಳಕು ಬದಲಾಗದ ನೀಲಿ ತಾರೆಗೆ ಹೋಲಿಸಿ ಅವನು ಕಣ್ಣಂದಾಜಿನಲ್ಲೇ ಅಂಕಿ ಹೇಳುವುದು, ಅವಳು ಬರೆದುಕೊಂಡು ತಾರಾವೀಕ್ಷಕರ ಸಂಘಕ್ಕೆ ಕಳಿಸುವುದು. ಸಂಸಾರ ಹಾಗೇ ನಡೆದುಬಂದಿತ್ತು.

ಅವನು ಒಂದೇ ಶೂನಲ್ಲಿ ಕುಂಟುತ್ತಾ ಓಡಿ ಬಂದ. ಪರದೆಯ ಮೇಲೆ ಅವನ ಅಂಕಿಗಳಿಂದ ಎಳೆದ, ತಾರೆಗೊಂದರಂತೆ ಹನ್ನೊಂದು ಗೆರೆಗಳೂ ಒಂದು ವರ್ಷದಿಂದ ಮೇಲೇರುತ್ತಲೇ ಇದ್ದವು. ಅವನಿಗೆ ಕುಣಿಯುವಷ್ಟು ಖುಷಿ.

“ಯಾರ ಕಣ್ಣಿಗೂ ಬೀಳದ್ದು ನನ್ನ ಕಣ್ಣಿಗೆ ಬಿದ್ದಿದೆ ಕಣೇ! ಸಂಘದೋರು ಮೂಗಿನ ಮೇಲೆ ಬೆರಳಿಡಬೇಕು.”

“ಅವರದ್ದೇ ಪತ್ರ ಬಂದಿದೆ, ತಾಳಿ,” ಎಂದು ಅವಳು ಗಟ್ಟಿಯಾಗಿ ಓದತೊಡಗಿದಳು. “‘ಉಳಿದವರ ಅಂಕಿಗಳಲ್ಲಿ ಈ ತಾರೆಗಳು ಎಂದಿನಂತೆಯೇ ಇವೆ. ಕೆಂಪು ಹೆಚ್ಚಾಗಿಲ್ಲ, ತಮಗೆ ನೀಲಿ ಕಡಿಮೆ ಕಾಣುತ್ತಿರಬೇಕು. ಕಣ್ಣಿಗೆ ಪೊರೆ ಬಂದಾಗ ಹೀಗಾಗುವುದುಂಟು. ದಯವಿಟ್ಟು ವೈದ್ಯರಿಗೆ ತೋರಿಸಿ.’”

ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವಳ ದನಿ ಇಳಿದುಹೋಗಿತ್ತು. ಅವನು ಮೇಜು ಹಿಡಿದು ನಿಂತ. ತಮಾಷೆ ಮಾಡಿದ್ದಕ್ಕೆ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

“ಪೊರೆ ತಾನೇ, ತೆಗೆಸಿದರಾಯ್ತು. ಈಗಲೇ ಫೋನ್ ಮಾಡಿ, ಇವತ್ತು ಬರಲ್ಲ ಅಂತ ಹೇಳಿಬಿಡಿ.”

“ಯಾಕೆ ಅಂತ ಕೇಳ್ತಾರೆ. ಹೇಳಿದರೆ ಗಾಡಿಯಿಂದ ಇಳಿಸ್ತಾರೆ. ರಿಟೈರ್ ಆಗೋಕೆ ಏಳೇ ತಿಂಗಳು ಇರೋದು, ಮತ್ತೆ ಹತ್ತಿಸ್ತಾರಾ?” ಅವನು ಹೋಗಿ ಇನ್ನೊಂದು ಶೂ ಹಾಕಿಕೊಂಡ. “ತಾರೆ ನೋಡೋದು ಬಿಟ್ಟರಾಯ್ತು ಬಿಡು.”

ಆಗ ಅವಳಿಗೆ ಹೊಳೆಯಿತು. ದಿನಾ ಸಂಜೆ ಅವನ ಬೆನ್ನ ಹಿಂದೆ ಸಾವಿರ ಜನ ಕುಳಿತಿರುತ್ತಾರೆ.

“ತಾರೆ ಹಾಳಾಗಲಿ. ಸಿಗ್ನಲ್ ಕಾಣುತ್ತಾ, ಅದು ಹೇಳಿ.”

“ಕೆಂಪು ಚೆನ್ನಾಗೇ ಕಾಣುತ್ತೆ.”

“ಹಸಿರು?”

ಅವನು ಬಗ್ಗಿ ಲೇಸು ಕಟ್ಟುತ್ತಲೇ ಇದ್ದ.

“ರೀ, ಹಸಿರು?”

“ಕೆಂಪು ಕಾಣಲಿಲ್ಲ ಅಂದ್ರೆ ಹಸಿರು ಅಂದ್ಕೊಂಡು ಹೋಗ್ತಾ ಇದ್ದೀನಿ.”