ಬಲಗೈ ಹೆಬ್ಬೆಟ್ಟು

ಸ್ಟಾಂಪ್ ಪ್ಯಾಡಿನ ನೀಲಿ ಮಸಿಯ ವಾಸನೆ ಬಂದರೆ ಇವತ್ತಿಗೂ ನಾನು ಮುಖ ತಿರುಗಿಸುತ್ತೇನೆ.

ಆಗ ನಾನು ಐದನೆಯ ಕ್ಲಾಸು. ಶಹಾಬಾದಿನ ಕಲ್ಲಿನ ಖಣಿಯಲ್ಲಿ ಫರ್ಸಿ ಚಪ್ಪಡಿ ಎತ್ತುವಾಗ ಅವ್ವನ ಬಲಗೈ ಹೆಬ್ಬೆರಳು ಅದರ ಅಡಿಗೆ ಸಿಕ್ಕು ಜಜ್ಜಿಹೋಗಿತ್ತು. ಅರಿಶಿಣ ಮೆತ್ತಿ, ಹಳೇ ಸೀರೆಯ ಚೂರು ಸುತ್ತಿಕೊಂಡಿದ್ದಳು. ಮೂರನೆಯ ದಿನ ಮಧ್ಯಾಹ್ನ ಖಣಿಯಲ್ಲಿ ಹಾಜರಿ ಬರೆಯುವ ಮುನ್ಸಿ ಮನೆಗೇ ಬಂದ. ಇಂಗ್ಲಿಷಿನಲ್ಲಿ ಬರೆದ ಕಾಗದ ಹಾಸಿ, ಪಕ್ಕದಲ್ಲಿ ಪ್ಯಾಡು ತೆರೆದಿಟ್ಟ.

"ಹೆಣ್ಮಕ್ಕಳದು ಬಲಗೈ ಹೆಬ್ಬೆಟ್ಟೇ ಬೇಕು. ಇರಲಿ, ನಿಂದು ಎಡಗೈ ನಡೀತದ," ಎಂದ.

ಅವ್ವ ನನ್ನತ್ತ ತಿರುಗಿದಳು. "ಏನು ಬರದಾರ, ಓದವ್ವಾ."

ನನಗೆ ಎಲ್ಲ ತಿಳಿಯಲಿಲ್ಲ. ಆದರೆ ಅದೇ ವಾರ ಸಾಲಿಯಲ್ಲಿ ಕಲಿತ ಒಂದು ಶಬ್ದ ಕಂಡಿತು. ಖುಷಿಯಿಂದ ಜೋರಾಗಿ ಓದಿದೆ: "ನೋ ಇಂಜುರಿ." ಅರ್ಥವನ್ನೂ ನಾನೇ ಹೇಳಿದೆ: "ಯಾವ ಗಾಯನೂ ಆಗಿಲ್ಲ ಅಂತ, ಅವ್ವಾ."

ಹೇಳಿದ ಮೇಲೆ ನನ್ನ ಕಣ್ಣು ಅವ್ವನ ಬೆರಳಿನ ಬಟ್ಟೆಯತ್ತ ಹೋಯಿತು.

ಮುನ್ಸಿ ನಕ್ಕ. "ಪೋರಿ ಭಾಳ ಶಾಣ್ಯಾ ಅದಾಳ. ಲಗೂ ಒತ್ತು."

ಅವ್ವ ಎಡಗೈ ಚಾಚಲಿಲ್ಲ. "ಹೆಣ್ಮಕ್ಕಳದು ಬಲಗೈ ಅಂದ್ರಲ್ರಿ," ಎನ್ನುತ್ತ ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚತೊಡಗಿದಳು.